ಮಲೆನಾಡಿನ ಮಳೆಗೂ ಕಿವಿಗೂ ಒಗ್ಗುವ ಮೊದಲ ಹೆಡ್‌ಫೋನ್

ಹೆಡ್‌ಫೋನ್ ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ. "ಅಣ್ಣಾ, ಯಾವುದರಲ್ಲಿ ಬೇಸ್ ಜಾಸ್ತಿ?" ನಾನು ತಿರುಗಿ ಕೇಳುತ್ತೇನೆ, "ನಿಮ್ಮ ಮನೆ ಹೆಂಚಿನದೋ, ಶೀಟಿನದೋ, ಆರ್‌ಸಿಸಿಯೋ?" ತಮಾಷೆ ಅಂದುಕೊಂಡು ನಗುತ್ತಾರೆ. ಆದರೆ ನಮ್ಮ ಕಡೆ ಲೆಕ್ಕಾಚಾರ ಶುರುವಾಗಬೇಕಾದ್ದು ಅಲ್ಲಿಂದಲೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟಿನ ಮೇಲೆ ಮಳೆ ಬಡಿಯುವಾಗ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ, ಇನ್ನು ತಂಬೂರಿ ಶ್ರುತಿ ಎಲ್ಲಿ ಕೇಳಬೇಕು?

ತೀರ್ಥಹಳ್ಳಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಟಿವಿ, ಮಿಕ್ಸಿ, ಆಂಪ್ಲಿಫೈಯರ್ ಎಲ್ಲ ಬರುತ್ತವೆ. ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವ ಹುಡುಗರು ಜಾಸ್ತಿಯಾದ ಮೇಲೆ ಹೆಡ್‌ಫೋನ್‌ಗಳೂ ಬರುತ್ತವೆ. ಯಾವುದು ಎಲ್ಲಿ ಮುರಿಯುತ್ತೆ, ಯಾವುದು ಬಾಳಿಕೆ ಬರುತ್ತೆ ಅಂತ ಬಿಚ್ಚಿ ನೋಡಿ ಗೊತ್ತು. ಜೊತೆಗೆ ಸಂಗೀತದ ಹುಚ್ಚು ಬೇರೆ. ಫೋನಿನ ಜೊತೆ ಬಂದ ಇಯರ್‌ಫೋನ್ ಬಿಟ್ಟು, ಮೊದಲ ಸಲ ಹಾಡು ಕೇಳುವುದಕ್ಕೆ ಅಂತಲೇ ದುಡ್ಡು ಹಾಕುವವರಿಗೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ವೈರ್ ಇರಲಿ. ಹಿಂಬದಿ ಮುಚ್ಚಿರಲಿ. ಇಡೀ ಕಿವಿ ಒಳಗೆ ಕೂರುವಂತಿರಲಿ. ಪ್ಯಾಡ್ ಬಿಡಿಯಾಗಿ ಸಿಗುವಂತಿರಲಿ.

ಮುಚ್ಚಿದ್ದು ಯಾಕೆ?

ಒಳ್ಳೆ ಹೆಡ್‌ಫೋನ್‌ಗಳಲ್ಲಿ ಎರಡು ಜಾತಿ, ಹಿಂಬದಿ ಮುಚ್ಚಿದ್ದು ಮತ್ತು ತೆರೆದದ್ದು. ತೆರೆದದ್ದರ ಹಿಂಬದಿಯಲ್ಲಿ ಜಾಲರಿ ಇರುತ್ತೆ, ಗಾಳಿ ಆಡುತ್ತೆ. ಇದಕ್ಕೆ ಓಪನ್ ಬ್ಯಾಕ್ ಅನ್ನುತ್ತಾರೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಅನ್ನುವ ಮಾಡೆಲ್ ತಂದು ಈ ಜಾತಿಯನ್ನು ಶುರು ಮಾಡಿತು. ಇದರಲ್ಲಿ ಹಾಡು ತಲೆಯೊಳಗೆ ಗುಯ್ಗುಟ್ಟುವುದಿಲ್ಲ, ಆಚೆ ಎಲ್ಲೋ ಹಾಡುತ್ತಿದ್ದಾರೆ ಅನ್ನಿಸುತ್ತೆ. ಜನವರಿಯ ರಾತ್ರಿ, ಊರೆಲ್ಲ ಮಲಗಿದ ಮೇಲೆ ಹಾಕಿಕೊಂಡರೆ ಇದಕ್ಕಿಂತ ಸುಖ ಇಲ್ಲ. ಬೆಂಗಳೂರಿನವರಿಗೆ ಅಷ್ಟು ನಿಶ್ಶಬ್ದ ಎಲ್ಲಿ ಸಿಗಬೇಕು? ಆದರೆ ಜಾಲರಿಯಿಂದ ಹೊರಗಿನ ಸದ್ದೆಲ್ಲ ಒಳಗೆ ಬರುತ್ತೆ, ಒಳಗಿನದೆಲ್ಲ ಹೊರಗೆ ಹೋಗುತ್ತೆ. ಪಕ್ಕದಲ್ಲಿ ಮಲಗಿದವರಿಗೂ ನಿಮ್ಮ ಹಾಡು ಕೇಳುತ್ತೆ. ಮಳೆ ಹಿಡಿದರಂತೂ ಕಪಾಟಿಗೆ ಹೋಗಬೇಕಾದ್ದೇ. ಹಾಗಾಗಿ ಅದನ್ನು ಎರಡನೇ ಹೆಡ್‌ಫೋನ್ ಆಗಿ ತಗೊಳ್ಳಿ.

"ಅಣ್ಣಾ, ನಾಯ್ಸ್ ಕ್ಯಾನ್ಸಲಿಂಗ್ ಇರೋದು ತಗೊಂಡರೆ ಆಯ್ತಲ್ಲ?" ಅಂತ ಕೇಳುತ್ತಾರೆ. ಅದು ಕೆಲಸ ಮಾಡುವ ರೀತಿ ಬೇರೆ. ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದಕ್ಕೆ ಉಲ್ಟಾ ಅಲೆ ಹುಟ್ಟಿಸಿ ಅಳಿಸುತ್ತೆ. ಒಂದೇ ಸಮನೆ ಬರುವ ದಪ್ಪ ಸದ್ದಿಗೆ ಇದು ಚೆನ್ನಾಗಿ ಆಗುತ್ತೆ. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಇಂಜಿನ್, ಎಸಿ, ಫ್ಯಾನು. ಆದರೆ ಸಂಜೆ ಜೀರುಂಡೆ ಕೂಗು, ಪಾತ್ರೆ ಬಿದ್ದ ಸದ್ದು, ಮಳೆಯ ಸುಯ್ಯೆನ್ನುವ ಚೂಪು ಸದ್ದು, ಇವು ಅದರ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಅವನ್ನು ತಡೆಯುವುದು ದಪ್ಪ ಪ್ಯಾಡು ಮತ್ತು ಮುಚ್ಚಿದ ಬಟ್ಟಲು. ವಾರ ವಾರ ಬಸ್ಸಿನಲ್ಲಿ ಓಡಾಡುವವರಿಗೆ ನಾಯ್ಸ್ ಕ್ಯಾನ್ಸಲಿಂಗ್ ಬೇಕು. ಮನೆಯಲ್ಲಿ ಕೂತು ಕೇಳುವವರಿಗೆ ಆ ದುಡ್ಡು ಧ್ವನಿಗೆ ಹೋಗಲಿ.

ವೈರ್ ಯಾಕೆ ಅಂದರೆ, ಬ್ಲೂಟೂತ್‌ನಲ್ಲಿ ಬ್ಯಾಟರಿ ಇದೆ. ಕೆಲವು ವರ್ಷಕ್ಕೆ ಅದು ಸೋಲುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬಿಚ್ಚಿ ಬದಲಿಸುವುದು ದೊಡ್ಡ ರಗಳೆ. ಅದೇ ವೈರಿನದು ಪ್ಯಾಡ್ ಬದಲಿಸುತ್ತಾ ಹೋದರೆ ಹತ್ತು ವರ್ಷ ಆರಾಮಾಗಿ ಬರುತ್ತೆ. ಅದೂ ಅಲ್ಲದೆ ಒಂದೇ ಬೆಲೆಗೆ ವೈರಿನದರಲ್ಲಿ ಧ್ವನಿ ಒಂದು ಮೆಟ್ಟಿಲು ಮೇಲೇ ಸಿಗುತ್ತೆ. ಬ್ಯಾಟರಿ, ರೇಡಿಯೊ, ಚಿಪ್ ಇವಕ್ಕೆಲ್ಲ ಅದರಲ್ಲಿ ಖರ್ಚಿಲ್ಲವಲ್ಲ.

ಕೂತು ಕೇಳುವ ಕೆಲಸ

ಇದನ್ನು ಮಾತ್ರ ಅವಸರ ಮಾಡಬೇಡಿ. ಶಿವಮೊಗ್ಗದ ದೊಡ್ಡ ಮೊಬೈಲ್ ಅಂಗಡಿಗಳಲ್ಲಿ ಹಾಕಿ ನೋಡಲು ಸಿಗುವುದು ಹೆಚ್ಚಾಗಿ ಬ್ಲೂಟೂತ್ ಮಾತ್ರ. ಸಂಗೀತ ವಾದ್ಯ ಮಾರುವವರ ಹತ್ತಿರ, ರೆಕಾರ್ಡಿಂಗ್ ಮಾಡುವ ಗೆಳೆಯರ ಹತ್ತಿರ ಕೇಳಿ. ಬೆಂಗಳೂರಿಗೆ ಹೋದಾಗ ಒಂದು ಮಧ್ಯಾಹ್ನ ಇದಕ್ಕೇ ಇಡಿ. ಆನ್‌ಲೈನ್ ತರಿಸುವುದಾದರೆ ಧ್ವನಿ ಹಿಡಿಸದಿದ್ದರೂ ವಾಪಸ್ ತಗೊಳ್ಳುತ್ತಾರಾ, ಕೆಟ್ಟಿದ್ದರೆ ಮಾತ್ರವಾ ಅಂತ ಮೊದಲೇ ಓದಿಕೊಳ್ಳಿ. ಹೆಸರಾದ ಮಾಡೆಲ್‌ಗಳ ನಕಲಿಗಳೂ ಓಡಾಡುತ್ತವೆ. ಅರ್ಧ ಬೆಲೆ ಕಂಡರೆ ಕೈ ಹಾಕಬೇಡಿ.

ಕೇಳುವ ಮೊದಲು ಫೋನಿನ ಈಕ್ವಲೈಜರ್, ಡಾಲ್ಬಿ, ಬೇಸ್ ಬೂಸ್ಟ್ ಎಲ್ಲ ಆಫ್ ಮಾಡಿ. ನಿಮಗೆ ಬಾಯಿಪಾಠ ಆಗಿರುವ ಹಾಡುಗಳನ್ನು ಒಳ್ಳೆ ಕ್ವಾಲಿಟಿಯಲ್ಲಿ ಡೌನ್‌ಲೋಡ್ ಮಾಡಿ ಒಯ್ಯಿರಿ. ಅಂಗಡಿಯವರು ಹಾಕುವ ಡೆಮೊ ಹಾಡು ಬೇಡ, ಅದು ಯಾವುದರಲ್ಲೂ ಚೆನ್ನಾಗಿಯೇ ಕೇಳುತ್ತೆ.

ಮೊದಲು ಬರೀ ಧ್ವನಿ ಇರುವುದನ್ನು ಹಾಕಿ. ನಾನು ತುಂಗಾ ದಡದ ಹೊಸಹಳ್ಳಿಯ ಗಮಕ, ಅಂದರೆ ರಾಗವಾಗಿ ಕಾವ್ಯ ಓದುವುದನ್ನು ಹಾಕುತ್ತೇನೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ನೆನಪಿರಬಹುದು. ಗಮಕದಲ್ಲಿ ವಾದ್ಯದ ಗದ್ದಲ ಇಲ್ಲ, ಹೆಡ್‌ಫೋನಿನ ತಪ್ಪು ಅಡಗಲು ಜಾಗ ಇಲ್ಲ. ಶ, ಷ, ಸ ಬಂದಾಗ ಗಮನ ಕೊಡಿ. ಕಿವಿಗೆ ಸೂಜಿ ಚುಚ್ಚಿದ ಹಾಗಾದರೆ ಆ ಹೆಡ್‌ಫೋನ್‌ನಲ್ಲಿ ಮೇಲಿನ ಸ್ವರ ಹೆಚ್ಚಾಗಿದೆ. ಅರ್ಧ ಗಂಟೆಗೇ ಸುಸ್ತು ಮಾಡುತ್ತೆ. ಶ ಮತ್ತು ಸ ಒಂದೇ ಥರ ಕೇಳಿದರೆ ಅದು ಮಂಕು. ಧ್ವನಿ ಡಬ್ಬಿಯೊಳಗಿಂದ ಬಂದ ಹಾಗಿದ್ದರೆ ನಡುವಿನ ಸ್ವರ ಸರಿ ಇಲ್ಲ. ನಮ್ಮ ಭಾವಗೀತೆ, ಶಾಸ್ತ್ರೀಯ ಸಂಗೀತ ನಿಂತಿರುವುದೇ ಈ ನಡುವಿನ ಸ್ವರದ ಮೇಲೆ. ಶಿವಮೊಗ್ಗ ಸುಬ್ಬಣ್ಣನವರ ದನಿ ತೆಳ್ಳಗೆ ಕೇಳಿಸಿದರೆ ಆ ಹೆಡ್‌ಫೋನ್ ಎಷ್ಟೇ ಹೆಸರು ಮಾಡಿರಲಿ, ಕೆಳಗಿಡಿ.

ಪರಿಚಯದ ಮೇಷ್ಟ್ರೊಬ್ಬರು, ರಿಟೈರ್ ಆದವರು, ಅಂಗಡಿಯಲ್ಲಿ ಹೀಗೇ ಕೂತು ಕೇಳಿದರು. ಕಣ್ಣು ಮುಚ್ಚಿ ಎರಡು ಪದ್ಯ ಮುಗಿಸಿ ಹೇಳಿದರು, "ಎಂತ ಮಾರಾಯ, ಎಲ್ಲಿ ಉಸಿರು ತಗೊಳ್ತಾರೆ ಅಂತ ಈಗ ಗೊತ್ತಾಯ್ತು!" ಸಾಕಲ್ವಾ? ಅವರಿಗೆ ಓಮ್ಸ್, ಡೆಸಿಬಲ್ ಒಂದನ್ನೂ ಹೇಳಬೇಕಾಗಿ ಬರಲಿಲ್ಲ.

ಆಮೇಲೆ ಮೃದಂಗ. ಎಡಬದಿಯ ಹೊಡೆತದಲ್ಲಿ ಚರ್ಮ ಕೇಳಬೇಕು, ಗುಂ ಅಂದು ಅಲ್ಲೇ ನಿಲ್ಲಬೇಕು. ಮುಂದಿನ ಹೊಡೆತ ಬರುವ ತನಕ ಗುಯ್ ಅನ್ನುತ್ತಲೇ ಇದ್ದರೆ ಅದು ಬೇಸ್ ಅಲ್ಲ, ರಾಡಿ. ಹುಡುಗರು ಬೇಸ್ ಜಾಸ್ತಿ ಅಂತ ಮೆಚ್ಚುವುದು ಹೆಚ್ಚಾಗಿ ಈ ರಾಡಿಯನ್ನೇ. ಹಾಡುಗಾರರ ಹಿಂದಿನ ತಂಬೂರಿಯಲ್ಲಿ ಒಂದೊಂದು ತಂತಿ ಮೀಟಿದ್ದು ಬೇರೆ ಬೇರೆ ಸಿಗುತ್ತಾ ನೋಡಿ. ಕೊನೆಗೆ ಯಕ್ಷಗಾನದ ಚಂಡೆ. ಏರು ಪದದಲ್ಲಿ ಚಂಡೆ ಬಿಗಿಯಾಗಿ ಬರುವಾಗ ಭಾಗವತರ ಪದ ಮುಳುಗಬಾರದು. ಆದರೆ ಸ್ಟುಡಿಯೊ ರೆಕಾರ್ಡಿಂಗನ್ನೇ ಹಾಕಿ. ಬಯಲಾಟದಲ್ಲಿ ಮೊಬೈಲ್ ಹಿಡಿದು ಮಾಡಿದ್ದು ಒಡೆದ ಧ್ವನಿ, ಯಾವ ಹೆಡ್‌ಫೋನೂ ಅದನ್ನು ಸರಿ ಮಾಡುವುದಿಲ್ಲ. ಒಳ್ಳೆಯದು ಇನ್ನಷ್ಟು ಬಯಲು ಮಾಡುತ್ತೆ.

ಎರಡು ಹೆಡ್‌ಫೋನ್ ಹೋಲಿಸುವಾಗ ಸದ್ದು ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತೆ. ಮನುಷ್ಯರ ಕಿವಿ ಇರುವುದೇ ಹಾಗೆ.

ನಮ್ಮಲ್ಲಿ ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರಿಗೆ ಒಂದು ಮಾತು. ಮೀಡಿಯಂ ವೇವ್ ರೇಡಿಯೊದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸ್ವರ ಬರುವುದೇ ಇಲ್ಲ ಅನ್ನಬಹುದು. ಆ ಮೆತ್ತನೆ ಧ್ವನಿಗೆ ಒಗ್ಗಿದ ಕಿವಿಗೆ ಒಳ್ಳೆ ಹೆಡ್‌ಫೋನ್ ಮೊದಲ ದಿನ ಚೂಪು ಅನ್ನಿಸಬಹುದು. ಒಂದು ವಾರ ಬಿಟ್ಟು ತೀರ್ಮಾನ ಮಾಡಿ.

ಕೂರುವುದು ಹೇಗೆ ಅಂತಲೂ ನೋಡಿ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಬೇಕು. ಕಡ್ಡಿಯ ಪಕ್ಕ ಸಂದು ಬಿಟ್ಟರೆ ಬೇಸ್ ಅಲ್ಲಿಂದಲೇ ಸೋರಿಹೋಗುತ್ತೆ. ಬಟ್ಟಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಬೇಸ್ ಏರಿದರೆ ಸಂದು ಇದೆ ಅಂತಲೇ ಲೆಕ್ಕ. ಓಲೆ, ಜುಮುಕಿ ಹಾಕುವವರಿಗೆ ಕಿವಿಯ ಮೇಲೆ ಒತ್ತುವ ಸಣ್ಣ ಪ್ಯಾಡ್ ಆಗುವುದೇ ಇಲ್ಲ. ಹೊಸತು ಬಿಗಿಯಾಗಿದ್ದರೆ ರಾತ್ರಿ ಪುಸ್ತಕದ ಕಟ್ಟಿಗೆ ಸಿಕ್ಕಿಸಿಡಿ, ನಿಧಾನ ಸಡಿಲ ಆಗುತ್ತೆ.

ಡಬ್ಬದ ಮೇಲಿನ ಅಂಕಿ

ಹೆಚ್ಚಿನವು ಸುಮ್ನೆ. 10ರಿಂದ 40,000 ಹರ್ಟ್ಸ್ ಅಂತ ಬರೆದಿರುತ್ತಾರೆ, ನಮಗೆ ಕೇಳುವುದು ಹೆಚ್ಚೆಂದರೆ 20ರಿಂದ 20,000. ವಯಸ್ಸಾದ ಹಾಗೆ ಮೇಲಿನದು ಇನ್ನೂ ಇಳಿಯುತ್ತೆ. ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, 50 ಮಿಲಿಮೀಟರ್ ಅಂದ ಮಾತ್ರಕ್ಕೆ 40ರದ್ದಕ್ಕಿಂತ ಮೇಲಲ್ಲ.

ನೋಡಬೇಕಾದ್ದು ಎರಡು. ಓಮ್ಸ್ ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆ, ಸೆನ್ಸಿಟಿವಿಟಿ ಅಂದರೆ ಕೊಟ್ಟ ಕರೆಂಟಿಗೆ ಅದು ಎಷ್ಟು ಜೋರಾಗಿ ಸದ್ದು ಮಾಡುತ್ತೆ ಅನ್ನುವುದು. ಫೋನಿಗೆ ಹಾಕಿ ಕೇಳುವವರು 80 ಓಮ್ಸ್ ದಾಟಬೇಡಿ. ಸೆನ್ಸಿಟಿವಿಟಿ ಮಿಲಿವ್ಯಾಟ್‌ಗೆ 96 ಡೆಸಿಬಲ್‌ಗಿಂತ ಮೇಲಿದ್ದರೆ ಒಳ್ಳೆಯದು. 250 ಓಮ್ಸ್‌ನದು ತಂದು ಫೋನಿಗೆ ಹಾಕಿದರೆ ಸದ್ದೇ ಏಳುವುದಿಲ್ಲ, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು. ಹೆಡ್‌ಫೋನ್ ಹಾಳಾಗಿದೆ ಅಂತ ರಿಪೇರಿಗೆ ತಂದವರಿದ್ದಾರೆ. ಹಾಳಾಗಿರಲಿಲ್ಲ.

ಫೋನಿನಲ್ಲಿ ದುಂಡು ಜಾಕ್ ಇಲ್ಲದವರಿಗೆ ಟೈಪ್-ಸಿ ಡಾಂಗಲ್ ಬೇಕು. ಒಳಗೆ ಡಿಎಸಿ, ಅಂದರೆ ಫೋನಿನ ಡಿಜಿಟಲ್ ಹಾಡನ್ನು ಹೆಡ್‌ಫೋನ್‌ಗೆ ಬೇಕಾದ ಸಿಗ್ನಲ್ ಮಾಡುವ ಚಿಪ್ ಇರುವುದನ್ನೇ ಕೇಳಿ ತಗೊಳ್ಳಿ. ಬರೀ ವೈರ್ ಜೋಡಿಸಿದ ಅಗ್ಗದ ಡಾಂಗಲ್ ಕೆಲವು ಫೋನಿಗೆ ಆಗುತ್ತೆ, ಕೆಲವಕ್ಕೆ ಆಗುವುದೇ ಇಲ್ಲ. ಹಾಡಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಕ್ವಾಲಿಟಿ ಮೇಲಿನದಕ್ಕೆ ಇಟ್ಟು, ವೈಫೈ ಸಿಕ್ಕಾಗ ಇಳಿಸಿಕೊಳ್ಳಿ. ಕರೆಂಟ್ ಹೋಗಿ ಟವರ್ ಸತ್ತಾಗ ಅದೇ ಗತಿ.

ಯಾವುದು ಅಂತ ಹೆಸರು ಹೇಳಿ ಅಂದರೆ ಮೂರು ಹೇಳುತ್ತೇನೆ. ಆಡಿಯೊ-ಟೆಕ್ನಿಕಾ ಎಟಿಎಚ್-ಎಂ40ಎಕ್ಸ್, 35 ಓಮ್ಸ್. ಧ್ವನಿ ನೆಟ್ಟಗಿದೆ, ವೈರ್ ಬಿಚ್ಚಿ ಬದಲಿಸಬಹುದು. ಒಂದೇ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಹೊಸದರಲ್ಲಿ ಬಿಗಿ ಅನ್ನಿಸುತ್ತೆ. ಸೋನಿ ಎಂಡಿಆರ್-7506, 63 ಓಮ್ಸ್, 1991ರಿಂದ ಹೆಚ್ಚುಕಮ್ಮಿ ಹಾಗೇ ಬರುತ್ತಿದೆ, ಸ್ಟುಡಿಯೊಗಳಲ್ಲಿ ಇದನ್ನು ನೋಡದವರಿಲ್ಲ. ಸೂಕ್ಷ್ಮ ಎಲ್ಲ ಎತ್ತಿ ಕೊಡುತ್ತೆ, ಶ-ಸ ಸ್ವಲ್ಪ ಚೂಪು. ಸುರುಳಿ ವೈರ್ ಉದ್ದ, ತೂಕ, ಬಿಚ್ಚಲೂ ಬರುವುದಿಲ್ಲ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ತಗೊಂಡರೆ 32 ಅಥವಾ 80 ಓಮ್ಸ್‌ನದೇ ಇರಲಿ. 80ರದ್ದಕ್ಕೆ ಮಖಮಲ್ ಪ್ಯಾಡು, ಕನ್ನಡಕದವರಿಗೆ ಆರಾಮು. ಆದರೆ ಬಟ್ಟೆಯ ಪ್ಯಾಡಿಗೆ ನಮ್ಮಲ್ಲಿ ಬೂಷ್ಟು ಹಿಡಿಯುತ್ತೆ.

ಮಳೆಗಾಲ ದಾಟಿಸುವುದು

ಹೆಡ್‌ಫೋನ್‌ಗೆ ಮಲೆನಾಡಿನ ದೊಡ್ಡ ಶತ್ರು ಥಂಡಿ. ಪ್ಯಾಡಿನ ರೆಕ್ಸಿನ್ ನಿಜವಾದ ಚರ್ಮ ಅಲ್ಲ, ಪ್ಲಾಸ್ಟಿಕ್ ಪದರ. ಗಾಳಿಯ ತೇವ ಅದನ್ನು ನಿಧಾನ ಒಡೆಯುತ್ತೆ. ಮುಟ್ಟಿದರೆ ಕಪ್ಪು ಸಿಪ್ಪೆ ಕೆನ್ನೆಗೆ ಅಂಟುತ್ತೆ. ಬಳಸದೆ ಡಬ್ಬದಲ್ಲೇ ಇಟ್ಟರೂ ಹಾಗೇ ಆಗುತ್ತೆ, ಹಾಗಾಗಿ ಮದುವೆ ಸೀರೆ ಥರ ಎತ್ತಿಟ್ಟು ಪ್ರಯೋಜನ ಇಲ್ಲ. ಕೇಳಿ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನಡಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿ. ಬೆವರಿನ ಹಸಿ ಇರುವಾಗಲೇ ಮುಚ್ಚಿದರೆ ನೀವೇ ಬೂಷ್ಟು ಬೆಳೆಸಿದ ಹಾಗೆ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಅಡಿಕೆಗೆ ಸರಿ, ಹೆಡ್‌ಫೋನ್‌ಗೆ ಬೇಡ. ಹೊಗೆಯ ಜಿಡ್ಡು ಡ್ರೈವರ್‌ಗೆ ಹೋಗುತ್ತೆ.

ವೈರ್ ಸಾಯುವುದು ಜಾಕ್ ಹತ್ತಿರ, ಇಲ್ಲವೇ ಬಟ್ಟಲಿಗೆ ಸೇರುವಲ್ಲಿ. ಫೋನಿಗೆ ಸುತ್ತಿ ಜೇಬಿಗೆ ತುರುಕಬೇಡಿ. ಜಾಕ್ ಹಿಡಿದು ಎಳೆಯಿರಿ, ವೈರ್ ಹಿಡಿದು ಅಲ್ಲ. ತೋಟಕ್ಕೆ ಹಾಕಿಕೊಂಡು ಹೋಗಲೇಬೇಡಿ. ಮೇಲಿಂದ ಸೋಗೆ ಬೀಳುವ ಸದ್ದು ಕೇಳಬೇಕು, ತರಗೆಲೆಯಲ್ಲಿ ಹಾವು ಸರಿಯುವುದೂ ಕೇಳಬೇಕು.

ಇನ್ನು ವಾಲ್ಯೂಮು. ದೊಡ್ಡವರಿಗೆ ವಾರಕ್ಕೆ 40 ಗಂಟೆ ಅಂದರೆ 80 ಡೆಸಿಬಲ್ ಒಳಗಿರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಮಕ್ಕಳಿಗೆ 75. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧ ಆಗುತ್ತೆ, 83ಕ್ಕೆ 20 ಗಂಟೆ, 86ಕ್ಕೆ 10. ಮಳೆ ಜೋರಾದಾಗ ಕೈ ತಾನಾಗಿ ವಾಲ್ಯೂಮ್ ಬಟನ್‌ಗೆ ಹೋಗುತ್ತೆ. ಫೋನಿನ ಸೆಟ್ಟಿಂಗ್‌ನಲ್ಲಿ ಮಿತಿ ಹಾಕುವ ಜಾಗ ಇದ್ದರೆ, ಮಳೆ ಇಲ್ಲದ ದಿನವೇ ಹಾಕಿಡಿ. ಪ್ಯಾಡ್ ಒಂದು ಜೊತೆ ಮುಂಚೆಯೇ ತರಿಸಿಡುತ್ತೇನೆ ಅನ್ನಬೇಡಿ, ಅದೂ ಥಂಡಿಗೆ ಹಾಳಾಗುತ್ತೆ. ಹಳೆಯದು ಸಿಪ್ಪೆ ಬಿಡಲು ಶುರುವಾದಾಗ ತರಿಸಿದರೆ ಸಾಕು.