ಸಮುದ್ರದ ಗಡಿಯಾರ ತಿಳಿಯಲು ಹಿಡಿದ ಒಂದು ತಿಂಗಳು

ಒಂದು ತಿಂಗಳು ಪ್ರತಿದಿನ ನಸುಕಿನಲ್ಲಿ ಕಡಲ ತೀರಕ್ಕೆ ಹೋಗಿ ಫೋಟೋ ತೆಗೆಯಬೇಕು ಎಂದು ಹೊರಟಾಗ ನನ್ನ ಫೋನಿನಲ್ಲಿ ಸೂರ್ಯೋದಯದ ವೇಳಾಪಟ್ಟಿ ಇತ್ತು. ಉಬ್ಬರ ಇಳಿತದ ಪಟ್ಟಿ ಇರಲಿಲ್ಲ. ಅದುವರೆಗೆ ಬೆಟ್ಟ, ಹೊಲ, ಕೆರೆಗಳನ್ನೇ ತೆಗೆಯುತ್ತಿದ್ದ ನನಗೆ ಬೆಳಕೊಂದು ಸರಿಯಾದರೆ ಸಾಕಿತ್ತು. ಬೆಟ್ಟ ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತದೆ.

ಹಿಂದಿನ ದಿನ ಮಧ್ಯಾಹ್ನ ಹೋಗಿ ಜಾಗ ನೋಡಿಟ್ಟು ಬಂದಿದ್ದೆ. ಎರಡು ಕರಿಬಂಡೆಗಳ ನಡುವೆ ಆಳೆತ್ತರದ ಒಂದು ಸೀಳು, ಅದರ ತಳದಲ್ಲಿ ಹಸಿರು ಪಾಚಿ, ನೀರು ಅದರೊಳಗೆ ನುಗ್ಗಿ ಹಿಂದೆ ಸರಿಯುವ ದಾರಿ ನೇರ ದಿಗಂತಕ್ಕೇ ಮುಖ ಮಾಡಿತ್ತು. ಚಿತ್ರ ಕಣ್ಣಲ್ಲಿ ಕಟ್ಟಿಕೊಂಡು ಮರುದಿನ ಐದು ಗಂಟೆಗೆ ಹೋದರೆ ಸೀಳೇ ಇಲ್ಲ. ಬಂಡೆಯ ನೆತ್ತಿಯೊಂದು ಬಿಟ್ಟು ಉಳಿದದ್ದೆಲ್ಲ ನೀರಿನಡಿ.

ಆ ದಿನ ಮನೆಗೆ ಬಂದು ಲೆಕ್ಕ ಹಾಕಲು ಕೂತೆ. ನನ್ನ ತೀರದಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ವಾರಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಇವತ್ತು ಸೂರ್ಯೋದಯಕ್ಕೆ ನೀರು ತುಂಬಿದ್ದರೆ ಒಂದು ವಾರದ ನಂತರ ಅದೇ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಇನ್ನೂ ಒಂದು ಸಂಗತಿ ತಿಳಿಯಿತು: ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಸುತ್ತಮುತ್ತ ಚಿಕ್ಕದು, ಮತ್ತು ಒಂದೇ ಜಾಗದಲ್ಲಿ ಆ ದೊಡ್ಡ ಇಳಿತ ಪ್ರತಿ ಸಲವೂ ದಿನದ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ನನ್ನ ತೀರದಲ್ಲಿ ಅದು ಮುಂಜಾನೆ ಆರರ ಸುಮಾರಿಗೆ. ನನಗೆ ಬೇಕಾದ ಸೀಳು ನಸುಕಿನ ಬೆಳಕಲ್ಲಿ ಕಾಣುವುದು ತಿಂಗಳಲ್ಲಿ ಎರಡು ಸಲ, ಒಂದೊಂದು ಸಲಕ್ಕೆ ಮೂರೋ ನಾಲ್ಕೋ ದಿನ, ಅಷ್ಟೆ.

ಮೊದಲ ವಾರ ಅದಕ್ಕಾಗಿ ಕಾಯುತ್ತಾ ಮರಳಿನ ಮೇಲೆ ನಿಂತೆ. 10 ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು, ಹೊಸದಾಗಿ ಕೈಗೆ ಬಂದಿತ್ತು. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗಿ, ಶಟರ್ ತೆರೆದಿಡಬೇಕಾದ ಸಮಯ ಇಮ್ಮಡಿ, ಹತ್ತು ಸಲ ಇಮ್ಮಡಿಯಾದರೆ 1024 ಪಟ್ಟು. 1/30 ಸೆಕೆಂಡಿನ ಎಕ್ಸ್‌ಪೋಶರ್ 34 ಸೆಕೆಂಡ್ ಆಗುತ್ತದೆ. ಕ್ಯಾಮೆರಾದ ಪರದೆಯಲ್ಲಿ ನೀರು ಹಾಲಿನಂತೆ ಕಂಡು ಖುಷಿಯಾಗಿತ್ತು. ಮನೆಯಲ್ಲಿ ನೂರು ಪ್ರತಿಶತ ಹಿಗ್ಗಿಸಿ ನೋಡಿದಾಗ ಬಂಡೆಯ ಅಂಚಿಗೆ ಎರಡೆರಡು ಗೆರೆ. ಲೆನ್ಸ್ ಕೆಟ್ಟಿತೆಂದೇ ಹೆದರಿದೆ. ಮರುದಿನ ಶಟರ್ ಒತ್ತಿ ಪರದೆ ನೋಡುವುದು ಬಿಟ್ಟು ಟ್ರೈಪಾಡಿನ ಕಾಲುಗಳನ್ನೇ ನೋಡುತ್ತಾ ಕುಕ್ಕರುಗಾಲಲ್ಲಿ ಕೂತೆ. ತೆರೆ ಬಂತು, ಕಾಲಿನ ಸುತ್ತ ನೊರೆ ಸುತ್ತಿತು. ಹಿಂದೆ ಸರಿಯುವಾಗ ಕಾಲಿನ ಬುಡದ ಮರಳನ್ನು ಬಳಿದುಕೊಂಡು ಹೋಗಿ ಅಲ್ಲೊಂದು ಬಟ್ಟಲಿನಂಥ ಗುಂಡಿ ಮಾಡಿತು. ಎಡಗಾಲು ಆ ಗುಂಡಿಗೆ ಸದ್ದಿಲ್ಲದೆ ಕೂದಲೆಳೆಯಷ್ಟು ಇಳಿಯಿತು. 34 ಸೆಕೆಂಡಿನಲ್ಲಿ ಹೀಗೆ ಮೂರು ತೆರೆ ಬಂದವು. ಲೆನ್ಸಿನದು ಏನೂ ತಪ್ಪಿರಲಿಲ್ಲ.

ಅಂದಿನಿಂದ ಕಾಲುಗಳನ್ನು ಗಟ್ಟಿ ನೆಲ ಸಿಗುವವರೆಗೆ ಮರಳಿಗೆ ಒತ್ತಿ, ಎರಡು ಮೂರು ತೆರೆ ಹಾಯ್ದು ಹೋದ ಮೇಲೆಯೇ ಫ್ರೇಮ್ ಕೂರಿಸುತ್ತೇನೆ. ಟ್ರೈಪಾಡಿನ ನಡುಗಂಬ ಎತ್ತುವುದಿಲ್ಲ. ಭಾರಕ್ಕೆಂದು ಚೀಲ ನೇತುಹಾಕುತ್ತಿದ್ದೆ, ಅದನ್ನೂ ಬಿಟ್ಟೆ. ಗಾಳಿಗೆ ಅದು ತೂಗಿ ಇನ್ನಷ್ಟು ಅಲುಗಾಡಿಸುತ್ತಿತ್ತು.

ಆದರೆ ಆ ವಾರದ ನಿಜವಾದ ಲಾಭ ಬೇರೆ. ಎಕ್ಸ್‌ಪೋಶರ್ ಕಡಿಮೆ ಮಾಡುತ್ತಾ ಬಂದಾಗ, ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ, ನೀರು ಹಿಂದೆ ಸರಿಯಲು ಶುರುಮಾಡಿದ ಕ್ಷಣಕ್ಕೆ ಒತ್ತಿದರೆ ನೊರೆಯ ಎಳೆಗಳು ಒಂದೊಂದಾಗಿ ಬಿಡಿಸಿಟ್ಟಂತೆ ಬರುತ್ತವೆ ಎಂದು ಕಂಡುಕೊಂಡೆ. ಮೂವತ್ತು ಸೆಕೆಂಡಿಗೆ ಸಮುದ್ರ ಮಂಜಾಗುತ್ತದೆ, ಅದರಲ್ಲಿ ಆ ತೀರದ ಗುರುತೇ ಇರುವುದಿಲ್ಲ. ಅರ್ಧ ಸೆಕೆಂಡಿನಲ್ಲಿ ತೆರೆಗೆ ಮೈಯೂ ಇರುತ್ತದೆ, ಓಟವೂ ಇರುತ್ತದೆ. ಈಗ ನನ್ನ ಕಣ್ಣಿಗೆ ಹಾಲಿನಂಥ ಸಮುದ್ರ ಸಪ್ಪೆಯಾಗಿ ಕಾಣುತ್ತದೆ.

ಎಂಟನೆಯ ದಿನ, ಹುಣ್ಣಿಮೆಯ ಮರುದಿನ, ಸೀಳು ಪೂರ್ತಿ ತೆರೆದುಕೊಂಡಿತ್ತು. ಆಕಾಶದಲ್ಲಿ ಚೆದುರಿದ ಮೋಡ, ಅದರ ಹೊಟ್ಟೆಗೆಲ್ಲ ದಾಸವಾಳದ ಕೆಂಪು. ಅಂಥ ಬಣ್ಣ ಆ ತಿಂಗಳಲ್ಲಿ ಮತ್ತೆ ಬರಲಿಲ್ಲ. 43 ಫ್ರೇಮ್ ತೆಗೆದೆ. ಸೀಳಿನೊಳಗೆ ಬಡಿಯುವ ನೀರು ಸಣ್ಣ ಹನಿಯಾಗಿ ಮೇಲೇಳುತ್ತಿತ್ತು, ನಡುನಡುವೆ ಒಣ ಬಟ್ಟೆಯಲ್ಲಿ ಫಿಲ್ಟರ್ ಒರೆಸಿಕೊಳ್ಳುತ್ತಲೂ ಇದ್ದೆ. ಕಂಪ್ಯೂಟರಿನಲ್ಲಿ ತೆರೆದಾಗ ಎಲ್ಲದರ ಮೇಲೂ ತೆಳು ಪೊರೆ. ಬೆಳಕಿನ ಕಡೆಗೆಲ್ಲ ಬಿಳಿಚಿಕೊಂಡು, ಕಪ್ಪು ಬಂಡೆ ಬೂದಿಯಾಗಿತ್ತು. ನಾನು ಒರೆಸಿರಲಿಲ್ಲ, ಉಪ್ಪನ್ನು ಗಾಜಿನ ತುಂಬ ಸಾರಿಸಿದ್ದೆ. ಕಾಂಟ್ರಾಸ್ಟ್ ಏರಿಸಿ ನೋಡಿದೆ, ಪೊರೆ ಹೋಗಿ ಕಲೆ ಎದ್ದವು. ಒಂದೂ ಉಳಿಯಲಿಲ್ಲ. ಅವತ್ತಿಡೀ ಯಾರ ಹತ್ತಿರವೂ ಮಾತಾಡುವ ಮನಸ್ಸಾಗಲಿಲ್ಲ.

ಈಗ ಮೊದಲು ಬ್ಲೋವರ್ ಊದಿ, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕೊನೆಗೆ ಒಣ ಬಟ್ಟೆ. ನೀರಿಲ್ಲದೆ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುವ ಅಪಾಯವೂ ಇದೆ. ಎರಡು ಫ್ರೇಮಿನ ನಡುವೆ ಲೆನ್ಸ್ ಮುಖ ಕೆಳಗೆ ಮಾಡಿಡುತ್ತೇನೆ. ಪ್ರತಿ ಐದಾರು ಫ್ರೇಮಿಗೊಮ್ಮೆ ಪರದೆಯಲ್ಲಿ ಹಿಗ್ಗಿಸಿ ಅತ್ಯಂತ ಕಪ್ಪಾದ ಮೂಲೆಯನ್ನು ನೋಡುತ್ತೇನೆ. ಪೊರೆ ಮೊದಲು ತೋರುವುದು ಅಲ್ಲೇ.

ಅದರ ನಂತರ ಒಂಬತ್ತು ದಿನ ಚೂರು ಮೋಡವಿಲ್ಲ. ಕ್ಯಾಮೆರಾ ಕೆಳಗೆ ಬಗ್ಗಿಸಿದೆ. ಇಳಿದ ನೀರು ಮರಳಲ್ಲಿ ಬಿಟ್ಟುಹೋದ ಕವಲುಗಳು, ಬಂಡೆಯ ಪದರ, ಸಿಂಪಿಚೂರುಗಳ ಸಾಲು. ದಿಗಂತವಿಲ್ಲದೆ ತೀರವನ್ನು ನೋಡಿದ್ದು ಆಗಲೇ, ಮತ್ತು ಉಳಿಸಿಕೊಂಡ ಚಿತ್ರಗಳಲ್ಲಿ ಹೆಚ್ಚಿನವು ಆ ದಿನಗಳವು.

ಟ್ರೈಪಾಡಿನ ಕೀಲು ಈ ನಡುವೆ ಮರಳು ಕಚ್ಚಿ ತಿರುಗದಾಯಿತು. ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿದೆ. ನೀರಿಗಿಳಿಯುವ ಮೊದಲು ಎಲ್ಲಕ್ಕಿಂತ ಕೆಳಗಿನ ತುಂಡನ್ನೇ ಪೂರ್ತಿ ಎಳೆಯಬೇಕು, ಆಗ ಕೀಲು ನೀರಿಗಿಂತ ಮೇಲೆ ಉಳಿಯುತ್ತದೆ. ತಂಪು ಕೋಣೆಯಿಂದ ತೀರಕ್ಕೆ ಒಯ್ದ ಲೆನ್ಸಿನ ಮೇಲೆ ಆವಿ ಕಟ್ಟುವುದಕ್ಕೂ ಸುಲಭ ಉಪಾಯ ಸಿಕ್ಕಿತು: ಹೊರಡುವ ಮುಂಚೆ ಅರ್ಧ ಗಂಟೆ ಚೀಲವನ್ನು ಜಿಪ್ ತೆಗೆಯದೆ ಹೊರಗಿಡುವುದು.

ಇಪ್ಪತ್ತೆರಡನೆಯ ದಿನ, ಅಮಾವಾಸ್ಯೆಯ ಇಳಿತಕ್ಕೆ, ಮತ್ತೆ ಸೀಳಿಗಿಳಿದೆ. ಆಕಾಶ ಬೋಳು, ಆದರೂ ಪಾಚಿಯ ಹಸಿರು, ನೀರಿನ ನೀಲಿ ಎರಡೂ ತಣ್ಣಗೆ ಚೆನ್ನಾಗಿದ್ದವು. ಕೆಲಸದಲ್ಲಿ ಮುಳುಗಿದ್ದವರಿಗೆ ನೀರು ತಿರುಗಿ ಏರತೊಡಗಿದ್ದು ಗೊತ್ತಾಗುವುದಿಲ್ಲ, ಯಾಕೆಂದರೆ ಅದು ಎದುರಿನಿಂದ ಬರುವುದಿಲ್ಲ. ನಾನು ದಾಟಿ ಬಂದಿದ್ದ ಹಿಂದಿನ ತಗ್ಗು ಮೊದಲು ತುಂಬಿತ್ತು. ತಿರುಗಿ ನೋಡಿದಾಗ ಮೊಣಕಾಲುದ್ದ ನೀರು, ಕ್ಯಾಮೆರಾ ತಲೆಯ ಮೇಲೆ ಹೊತ್ತು ದಾಟುವಷ್ಟರಲ್ಲಿ ತೊಡೆಯವರೆಗೆ ಬಂದಿತ್ತು. ಜೇಬಿನ ರಿಮೋಟ್ ನೀರುಪಾಲಾಯಿತು. ನನ್ನ ಎದೆ ಹೊಡೆದುಕೊಳ್ಳುವುದು ದಂಡೆಗೆ ಬಂದು ಕೂತ ಮೇಲೂ ನಿಲ್ಲಲಿಲ್ಲ. ಈಗ ಇಳಿತದ ಹೊತ್ತಿಗೆ ಫೋನಿನಲ್ಲಿ ಅಲಾರಂ ಇರುತ್ತದೆ. ಅದು ಬಡಿದರೆ ಬೆಳಕು ಎಷ್ಟೇ ಚೆನ್ನಾಗಿರಲಿ, ಟ್ರೈಪಾಡ್ ಎತ್ತುತ್ತೇನೆ. ಇಳಿಯುವ ಮುನ್ನ ಹದಿನೈದು ನಿಮಿಷ ಸುಮ್ಮನೆ ನಿಂತು ಅತಿ ದೊಡ್ಡ ತೆರೆ ಬಂಡೆಯ ಎಲ್ಲಿಯವರೆಗೆ ಒದ್ದೆ ಮಾಡುತ್ತದೆ ಎಂದು ನೋಡುತ್ತೇನೆ. ಆ ಗೆರೆಯಿಂದ ಕೆಳಗೆ ಚೀಲ ಇಡುವುದಿಲ್ಲ.

ತಿಂಗಳ ಕೊನೆಗೆ ಸೀಳಿನ ಒಂದು ಚಿತ್ರ ಕೈಯಲ್ಲಿದೆ, ಬೋಳು ಆಕಾಶದ್ದು. ಮೊದಲ ದಿನ ಕಣ್ಣಲ್ಲಿ ಕಟ್ಟಿಕೊಂಡದ್ದು ಅದಲ್ಲ. ಮುಂದಿನ ಹುಣ್ಣಿಮೆಯ ಮರುದಿನ ಇಳಿತ ಆರಕ್ಕೆ ಹತ್ತು ನಿಮಿಷ ಇರುವಾಗ. ಕ್ಯಾಲೆಂಡರಿನಲ್ಲಿ ಆ ಚೌಕಕ್ಕೆ ಗುರುತು ಹಾಕಿ, ಟ್ರೈಪಾಡ್ ತೊಳೆದು ನೆರಳಲ್ಲಿ ಒಣಗಲು ಇಟ್ಟಿದ್ದೇನೆ.