ಹಿಮದ ಚಿತ್ರದ ಹಳೇ ಕ್ರಿಸ್‌ಮಸ್ ಕಾರ್ಡು ಕೊಳ್ಳೋ ಮುಂಚೆ ಹಿಂಬದಿ ನೋಡಿ

ಹಿಮ ಹೊದ್ದ ಹಳ್ಳಿ, ಚರ್ಚಿನ ಗೋಪುರ, ಕುದುರೆ ಎಳೆಯುವ ಜಾರುಗಾಡಿ. ನೂರು ವರ್ಷ ದಾಟಿದ ಇಂಥ ಪೋಸ್ಟ್‌ಕಾರ್ಡು ಕಂಡರೆ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ, ಮೊದಲು ಕಾರ್ಡು ತಿರುಗಿಸಿ.

ಅಮೆರಿಕದಲ್ಲಿ 1907ರ ಮಾರ್ಚ್ 1ರವರೆಗೆ ಹಿಂಬದಿಯಲ್ಲಿ ವಿಳಾಸ ಬಿಟ್ಟು ಬೇರೇನೂ ಬರೆಯುವ ಹಾಗಿರಲಿಲ್ಲ. ಆಮೇಲೆ ನಡುವೆ ಗೆರೆ ಬಂತು, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಹಾಗಾಗಿ ಗೆರೆ ಇಲ್ಲದ ಕಾರ್ಡಿನಲ್ಲಿ ಹಿಮದ ಮೇಲೆಲ್ಲ ಶಾಯಿಯಲ್ಲಿ ಗೀಚಿದ್ದರೆ ಹಾಳಾಗಿದೆ ಅಂತ ಬಿಟ್ಟುಬಿಡಬೇಡಿ. ಪಾಪ, ಅವರಿಗೆ ಬೇರೆ ಜಾಗವೇ ಇರಲಿಲ್ಲ. ಈ ಲೆಕ್ಕ ಬ್ರಿಟನ್ನಿನ ಕಾರ್ಡಿಗೆ ಹೊಂದುವುದಿಲ್ಲ, ಅಲ್ಲಿ ಗೆರೆ 1902ರಲ್ಲೇ ಬಂದಿತ್ತು. ಅಂಚೆ ಮುದ್ರೆಯಲ್ಲಿರುವುದು ಕಳಿಸಿದ ವರ್ಷ ಅಷ್ಟೇ, ಅಚ್ಚಾದದ್ದು ಅದಕ್ಕೂ ಹಿಂದೆ ಇರಬಹುದು.

ಆಮೇಲೆ ಭೂತಗನ್ನಡಿ ಹಿಡಿಯಿರಿ. ಆ ಕಾಲದ ಒಳ್ಳೇ ಕಾರ್ಡುಗಳು ಹೆಚ್ಚಾಗಿ ಜರ್ಮನಿಯಲ್ಲಿ ಕಲ್ಲಚ್ಚಿನಲ್ಲಿ (ಲಿಥೋಗ್ರಫಿ) ಒಂದೊಂದೇ ಬಣ್ಣ ಹಾಕಿ ಮಾಡಿದವು, ಬಣ್ಣದ ಚುಕ್ಕಿಗಳು ಅಡ್ಡಾದಿಡ್ಡಿ ಇರುತ್ತವೆ. ಚುಕ್ಕಿಗಳು ಸಾಲಾಗಿ ನಿಂತಿದ್ದರೆ ಅನುಮಾನ ಪಡಿ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟಾಗ ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದು ಈಚಿನ ಮರುಮುದ್ರಣ ಅಂತಲೇ ಇಟ್ಟುಕೊಳ್ಳಿ.

ಕೆಲವು ಕಾರ್ಡುಗಳಲ್ಲಿ ಹಿಮ ಮಿನುಗಲಿ ಅಂತ ಗಾಜಿನ ಅಥವಾ ಅಭ್ರಕದ ಪುಡಿ ಅಂಟಿಸಿರುತ್ತಾರೆ. ಅಂಚೆಯವರ ಬೆರಳು ಕೊಯ್ಯುತ್ತದೆ ಅಂತ ಇವನ್ನು ಲಕೋಟೆಯಲ್ಲೇ ಕಳಿಸಬೇಕು ಎಂದು ಅಮೆರಿಕದಲ್ಲಿ ನಿಯಮ ಬಂತು. ಅದಕ್ಕೇ ಎಷ್ಟೋ ಮಿನುಗು ಕಾರ್ಡುಗಳ ಮೇಲೆ ಸ್ಟಾಂಪೂ ಇಲ್ಲ, ಮುದ್ರೆಯೂ ಇಲ್ಲ. ಒರೆಸೋಕೆ ಮಾತ್ರ ಹೋಗಬೇಡಿ.

ನನ್ನ ಕೇಳಿದರೆ ಎಲ್ಲವನ್ನೂ ಗುಡ್ಡೆ ಹಾಕುವುದಕ್ಕಿಂತ ಒಂದೇ ಬಗೆ ಹಿಡಿಯುವುದು ಜಾಣತನ. ನನಗೆ ಹುಚ್ಚು ‘ಹೋಲ್ಡ್ ಟು ಲೈಟ್’ ಕಾರ್ಡುಗಳದ್ದು. ಸುಮ್ನೆ ಮೇಜಿನ ಮೇಲಿಟ್ಟರೆ ಮಬ್ಬು ಸಂಜೆಯ ಊರು, ಅಷ್ಟೇ. ದೀಪಕ್ಕೆ ಅಡ್ಡ ಹಿಡಿದರೆ ಮನೆಗಳ ಕಿಟಕಿ, ಚಂದ್ರ, ಎಲ್ಲ ಹಳದಿಯಾಗಿ ಹೊತ್ತಿಕೊಳ್ಳುತ್ತವೆ. ಮೇಲಿನ ಪದರದಲ್ಲಿ ಕಿಟಕಿಗಳನ್ನು ಕತ್ತರಿಸಿ ಹಿಂದೆ ತೆಳು ಬಣ್ಣದ ಕಾಗದ ಕೂರಿಸಿರುತ್ತಾರೆ. ಕೊಳ್ಳುವಾಗ ಒಂದೊಂದು ಕಿಟಕಿಯನ್ನೂ ನೋಡಿ, ಒಳಗಿನ ಕಾಗದ ಹರಿದಿದ್ದರೆ ಬೆಲೆ ಇಳಿಸಿ ಕೇಳಿ. ಇವು ದುಬಾರಿ ಅನಿಸಿದರೆ ಅಮೆರಿಕದ ಚಿತ್ರಕಲಾವಿದೆ ಎಲೆನ್ ಕ್ಲಾಪ್‌ಸ್ಯಾಡಲ್ ಸಹಿ ಇರುವ ಮಕ್ಕಳ ಚಿತ್ರಗಳನ್ನೋ, ಲಂಡನ್ನಿನ ರಾಫೆಲ್ ಟಕ್ ಕಂಪನಿಯ ಕಾರ್ಡುಗಳನ್ನೋ ಹುಡುಕಿ. ನೀಲಿ, ಹಸಿರು, ನೇರಳೆ ನಿಲುವಂಗಿ ತೊಟ್ಟ ಸಾಂತಾಗೆ ಕೆಂಪು ಸಾಂತಾಗಿಂತ ಗಿರಾಕಿ ಜಾಸ್ತಿ, ಹಾಗಾಗಿ ರೇಟೂ ಜಾಸ್ತಿ.

ಅಮೆರಿಕದಲ್ಲಿರುವ ನಮ್ಮವರಿಗೆ ಹಳೇ ಸಾಮಾನಿನ ಅಂಗಡಿಗಳೇ ಸಾಕು. ಶೂ ಡಬ್ಬಿಗಳಲ್ಲಿ ತುಂಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಹುಡುಕಿ, ಡಿಸೆಂಬರಿನಲ್ಲಿ ಎಲ್ಲರೂ ಮುಗಿಬೀಳುತ್ತಾರೆ. ಇಲ್ಲಿಂದ ಈಬೇಯಲ್ಲಿ ತರಿಸುವವರು ಹಿಂಬದಿಯ, ನಾಲ್ಕೂ ಮೂಲೆಗಳ ಫೋಟೋ ಕೇಳಿ ಪಡೆಯಿರಿ. ಕೊಡಲ್ಲ ಅಂದರೆ ಬಿಡಿ.

ಇಡುವುದಕ್ಕೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಬೇಕು, ಪಿವಿಸಿ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಹಾಗೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಸ್ಟಾಂಪಿನ ಆಸೆಗೆ ಕಾರ್ಡನ್ನು ನೆನೆಸಬೇಡಿ: ಅಮೆರಿಕದ ಹಳೇ ಕಾರ್ಡುಗಳ ಮೇಲಿರುವ ಒಂದು ಸೆಂಟಿನ ಹಸಿರು ಸ್ಟಾಂಪು ಸಾಮಾನ್ಯವಾಗಿ ಚಿಲ್ಲರೆಗೆ ಸಿಗುತ್ತದೆ, ಸ್ಟಾಂಪು ಕಿತ್ತ ಕಾರ್ಡನ್ನು ಮಾತ್ರ ಯಾರೂ ಕೇಳುವುದಿಲ್ಲ.