ಯುಗಾದಿ ಆಯ್ತು ಅಂತ ಟೊಮ್ಯಾಟೊ ಸಸಿ ನೆಡಕ್ಕೆ ಹೋಗ್ಬೇಡ್ರಪ್ಪ

ಕೋಲಾರ, ಚಿಂತಾಮಣಿ, ಮಧುಗಿರಿ ಕಡೆಯಿಂದ ಇಂಗ್ಲೆಂಡಿಗೆ ಬಂದು ಈ ವರ್ಷ ಹೊಸದಾಗಿ ಅಲಾಟ್‌ಮೆಂಟ್ (ತರಕಾರಿ ಬೆಳ್ಕೊಳೋಕೆ ಬಾಡಿಗೆಗೆ ಕೊಡೋ ಸಣ್ಣ ಜಾಗ) ಸಿಕ್ಕಿರೋ ನಮ್ಮವರಿಗೆ ಇದು. ನಾನೂ ಮುಳಬಾಗಿಲು ಕಡೆಯೋನೇ, ಟೊಮ್ಯಾಟೊ ಬೆಳೆದ ಮನೆ, ನಮಗೆ ಹೇಳ್ಕೊಡಕ್ಕೆ ಇವ್ರ್ಯಾರು ಅನ್ನೋ ಜಂಬ ಇತ್ತು. ಮೊದಲನೇ ವರ್ಷ ಏಪ್ರಿಲ್ ಮಧ್ಯದಲ್ಲಿ ನಾಲ್ಕು ದಿನ ಒಳ್ಳೆ ಬಿಸ್ಲು, ಯುಗಾದಿನೂ ಮುಗ್ದಿತ್ತು, ಕಿಟಕಿ ಹತ್ರ ಬೆಳೆಸಿದ್ದ 18 ಸಸಿ ತಗೊಂಡೋಗಿ ಸಾಲಾಗಿ ನೆಟ್ಟು ಊರಲ್ಲಿ ಮಾಡೋ ಹಂಗೇ ಕೋಲು ನಿಲ್ಸಿ ದಾರನೂ ಕಟ್ಬಿಟ್ಟೆ. ಪಕ್ಕದ ಪ್ಲಾಟಿನ ಅಜ್ಜ ಏನೂ ಹೇಳ್ಲಿಲ್ಲ, ಒಂದ್ಸಲ ಆಕಾಶ ನೋಡಿ ಸುಮ್ನಾದ. ಮೂರನೇ ದಿನ ಬೆಳಗ್ಗೆ ಹೋದ್ರೆ ಎಲೆಯೆಲ್ಲ ಬೇಯ್ಸಿದ ಪಾಲಕ್ ತರ ಕಪ್ಪಗೆ ಕೋಲಿಗೆ ಅಂಟ್ಕೊಂಡಿತ್ತು, ದಾರ ಮಾತ್ರ ನೆಟ್ಟಗೆ ಇತ್ತು.

ಫ್ರಾಸ್ಟ್ ಕಣ್ರೀ, ರಾತ್ರಿ ನೀರು ಹೆಪ್ಪುಗಟ್ಟೋ ಅಂಥ ಚಳಿ. ಹಗಲು ಬಿಸ್ಲು ನೋಡಿ ಮೋಸ ಹೋಗ್ಬೇಡಿ, ಇಲ್ಲಿ ಬಹಳ ಕಡೆ ಮೇ ಮಧ್ಯದ ತನಕ ಬೀಳುತ್ತೆ, ಸ್ಕಾಟ್ಲೆಂಡಲ್ಲಿ ಇನ್ನೂ ತಡ. ಟೊಮ್ಯಾಟೊ, ಮೆಣಸಿನಕಾಯಿ, ಹುರುಳಿಕಾಯಿ, ಕುಂಬಳ ಎಲ್ಲ ಅಲ್ಲೀವರೆಗೂ ಮನೆ ಒಳಗೇ ಇರ್ಲಿ, ನೆಡೋಕೆ ಮುಂಚೆ ಒಂದು ವಾರ ಹತ್ತು ದಿನ ಹಗಲು ಆಚೆ ರಾತ್ರಿ ಒಳಗೆ ಇಟ್ಟು ಚಳಿಗೆ ಒಗ್ಗಿಸ್ಬೇಕು.

ಹಂಗಂದ್ರೆ ಮಾರ್ಚಲ್ಲಿ ಕೈ ಕಟ್ಟಿ ಕೂತ್ಕೊಳೋದಾ? ಇಲ್ಲ. ಮೊದ್ಲು ಮಣ್ಣಿನ ಹದ ನೋಡಿ. ಊರಲ್ಲಿ ಹದಕ್ಕೆ ಮಳೆ ಕಾಯ್ತೀವಿ, ಸಾವಿರ ಅಡಿ ಬೋರ್ ಕೊರ್ಸಿ ನೀರಿಗೆ ಬಾಯಿ ಬಿಡ್ತೀವಿ, ಇಲ್ಲಿ ಉಲ್ಟಾ, ನೀರು ಇಂಗ್ಲಿ ಅಂತ ಕಾಯ್ಬೇಕು. ಒಂದು ಮುಷ್ಟಿ ಮಣ್ಣು ಹಿಸುಕಿ ನೋಡಿ, ಉಂಡೆ ಕಟ್ಟಿ ಬೆರಳಚ್ಚು ಬಿದ್ದು ಅಂಟ್ಕೊಂಡ್ರೆ ಇನ್ನೂ ಬೇಡ, ತಟ್ಟಿದ ತಕ್ಷಣ ಉದುರಿದ್ರೆ ಶುರು ಮಾಡಿ. ಜೇಡಿ ಮಣ್ಣಾದ್ರೆ ಒದ್ದೆ ಇದ್ದಾಗ ಮೇಲೆ ಓಡಾಡ್ಬೇಡಿ, ಬೇಸ್ಗೆಲಿ ಇಟ್ಟಿಗೆ ಥರ ಆಗುತ್ತೆ, ಹಲಗೆ ಹಾಕ್ಕೊಂಡು ನಿಂತ್ಕೊಳಿ.

ಫುಲ್ ಪ್ಲಾಟ್ ಅಂದ್ರೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಅಷ್ಟೇನಾ ಅಂತ ನಗ್ಬೇಡಿ, ಒಬ್ರೇ ಗುದ್ದಲಿ ಹಿಡಿದ್ರೆ ಗೊತ್ತಾಗುತ್ತೆ. ಕಾಲು ಭಾಗ ಮಾತ್ರ ಅಗೀರಿ, ಉಳಿದಿದ್ದಕ್ಕೆ ರಟ್ಟು ಇಲ್ಲಾಂದ್ರೆ ಕಪ್ಪು ಟಾರ್ಪಾಲ್ ಮುಚ್ಚಿಬಿಡಿ. ಗರಿಕೆ ತರ ಬಿಳಿ ಬೇರು ಹರಡೋ ಕಳೆ ಇದ್ರೆ ಬಾಡಿಗೆ ಟಿಲ್ಲರ್ ತರ್ಬೇಡಿ, ತುಂಡಾದ ಒಂದೊಂದು ಬೇರೂ ಒಂದೊಂದು ಗಿಡ ಆಗುತ್ತೆ.

ಆಲೂಗಡ್ಡೆ ಚಿಕ್ಕಬಳ್ಳಾಪುರದೋರಿಗೆ ನಾನೇನು ಹೇಳೋದು. ಬಿತ್ತನೆ ಗಡ್ಡೆನೇ ತಗೊಳಿ, ಬೇಗ ಬರೋ ತಳಿ, ರಾಕೆಟ್ ಅಥವಾ ಸ್ವಿಫ್ಟ್, ಮೊಟ್ಟೆ ಟ್ರೇಲಿ ಬೆಳಕಿಗೆ ಇಟ್ಟು ಮೊಳಕೆ ಬರ್ಸಿ ಮಾರ್ಚ್ ಕೊನೇಲಿ ಅಡಿಗೊಂದು ನೆಡಿ. ಚಿಗುರು ಕಂಡಾಗ ಫ್ರಾಸ್ಟ್ ಫೋರ್‌ಕಾಸ್ಟ್ ಇದ್ರೆ ಮೇಲೆ ಮಣ್ಣು ಎಳೆದು ಮುಚ್ಚಿ. ಈರುಳ್ಳಿ ಸಣ್ಣ ಗಡ್ಡೆನೂ ಆಗ್ಲೇ, ಮೆಂತ್ಯ ಕೊತ್ತಂಬರಿ ಏಪ್ರಿಲಲ್ಲಿ.

ಆದ್ರೆ ನಾನು ಮೊದ್ಲು ಹಾಕೋದು ಬ್ರಾಡ್ ಬೀನ್ಸ್, ಅವರೆ ತರ ದಪ್ಪ ಕಾಳಿನ ಬೀನ್ಸ್ ಅದು. ನಮ್ಮ ನಾಟಿ ಅವರೆಕಾಯಿ ಇಲ್ಲಿ ಆಗಲ್ಲ, ಅದಕ್ಕೆ ಹಗಲು ಗಿಡ್ಡ ಆಗ್ಬೇಕು, ಇಲ್ಲಿ ಹಗಲು ಗಿಡ್ಡ ಆಗೋಷ್ಟೊತ್ತಿಗೆ ಚಳಿ ಬಂದ್ಬಿಟ್ಟಿರುತ್ತೆ. ಬ್ರಾಡ್ ಬೀನ್ಸಿಗೆ ಚಳಿ ಲೆಕ್ಕಕ್ಕಿಲ್ಲ. ಎರಡು ಇಂಚು ಆಳ, ಗೇಣಿಗೊಂದು ಬೀಜ. ಜೂನಲ್ಲಿ ಕಾಳು ಬಿಡಿಸಿ ಬಿಸಿನೀರಿಗೆ ಹಾಕಿ ತೆಗೆದು ಬೆರಳಲ್ಲಿ ಒತ್ತಿದ್ರೆ ಸಿಪ್ಪೆಯಿಂದ ಹಸಿರು ಬೇಳೆ ಚಂಗ್ ಅಂತ ಹಾರುತ್ತೆ, ಥೇಟ್ ಹಿತಕವರೆ. ಸೊಗಡು ಇರಲ್ಲ, ಒಪ್ಕೋತೀನಿ, ಆದ್ರೆ ಮಸಾಲೆ ರುಬ್ಬಿ ಸಾರು ಮಾಡಿ ಮುದ್ದೆ ಜೊತೆ ಇಟ್ರೆ ನಮ್ಮಮ್ಮ ಇಲ್ಲಿಗೆ ಬಂದಾಗ ಎರಡನೇ ಸಲ ಹಾಕಿಸ್ಕೊಂಡ್ರು. ಮನೇಲಿ ಯಾರಿಗಾದ್ರೂ ಜಿ6ಪಿಡಿ ಅನ್ನೋ ಕಿಣ್ವದ (ಎನ್‌ಜೈಮ್) ಹುಟ್ಟಿನಿಂದ ಬರೋ ಕೊರತೆ ಇದ್ರೆ ಮಾತ್ರ ಈ ಕಾಳು ಮುಟ್ಬಾರ್ದು, ರಕ್ತಕ್ಕೆ ತೊಂದ್ರೆ ಆಗುತ್ತೆ.

ಕಾಯಿ ಕಚ್ಚೋಕೆ ಶುರುವಾದ್ಮೇಲೆ ಕುಡಿ ಚಿವುಟಿ, ಕಪ್ಪು ಹೇನು ಕೂರೋದೇ ಅಲ್ಲಿ. ಚಿವುಟಿದ ಕುಡಿ ಬಿಸಾಕ್ಬೇಡಿ, ಮಸ್ಸೊಪ್ಪಿಗೆ ಚೆನ್ನಾಗಿರುತ್ತೆ. ಬೀಜ ಇನ್ನೂ ಹಾಕಿಲ್ಲ ಅಂದ್ರೆ ಈ ಶನಿವಾರನೇ ಹಾಕಿ, ತಡ ಆದಷ್ಟೂ ಹೇನಿನ ಕಾಟ ಜಾಸ್ತಿ.